ಆರಡಿ ದೂರದ ಕುಂಕುಮ

ಕೊರೊನಾ ಕಾಲದಲ್ಲಿ ಹೆಗ್ಗನಹಳ್ಳಿಯ ಮನೆಮನೆಗೆ ಹೋಗಿ, ಮಾಸ್ಕ್ ಹಾಕಿ, ಆರಡಿ ದೂರ ನಿಲ್ಲಿ ಅಂತ ಹೇಳೋದು ನನ್ನ ಕೆಲಸವಾಗಿತ್ತು. ಒಂದು ಮನೆಯ ಆಂಟಿ ಎಲ್ಲಾ ಕೇಳಿಸಿಕೊಂಡು, "ಶುಕ್ರವಾರ ಕಣಮ್ಮ, ಕುಂಕುಮ ಇಟ್ಕೊಳ್ದೆ ಹೋಗ್ಬಾರ್ದು" ಅಂದರು.

"ಹತ್ರ ಬರೋ ಹಾಗಿಲ್ಲ ಆಂಟಿ."

"ನೀನ್ಯಾಕೆ ಬರ್ತೀಯ? ಅಲ್ಲೇ ನಿಂತಿರು."

ಒಳಗೆ ಹೋದವರು ಜೇಡರ ಬಲೆ ತೆಗೆಯೋ ಉದ್ದನೆ ಕೋಲಿನ ತುದಿಗೆ ಒದ್ದೆ ಹತ್ತಿ ಕಟ್ಟಿ, ಕುಂಕುಮದಲ್ಲಿ ಅದ್ದಿಕೊಂಡು ಬಂದರು. ಒಂದು ಕಣ್ಣು ಮುಚ್ಚಿ ನನ್ನ ಹಣೆಗೆ ಗುರಿಯಿಟ್ಟರು. ಎದುರುಮನೆಯವರು ಬೇರೆ, "ಸ್ವಲ್ಪ ಮೇಲೆ, ಸ್ವಲ್ಪ ಬಲಕ್ಕೆ!" ಅಂತ ಕೂಗಿದರು. ನಗು ತಡೆಯಲಾಗದೆ ನನ್ನ ತಲೆ ಅಲ್ಲಾಡಿತು. ಕುಂಕುಮ ನೇರವಾಗಿ ಮಾಸ್ಕಿನ ನಟ್ಟನಡುವೆ ಬಿತ್ತು.

ಮುಂದಿನ ಮನೆಯ ತಾತ ನನ್ನನ್ನೇ ದಿಟ್ಟಿಸಿ ನೋಡಿ ಕೇಳಿದರು: "ಹೊಸ ಮಾಸ್ಕಾ? ಪೂಜೆ ಏನೋ ಆಗಿದೆ, ನಿಂಬೆಹಣ್ಣು ಕಟ್ಟೋದು ಮರ್ತ್ರಾ?"