ಗಾಜಕ್ಕನ ಹತ್ತು ನಿಮಿಷ

ಕೆಲಸಕ್ಕೆ ಸೇರಿದ ಮೊದಲ ದಿನವೇ ನಾನು ನಮ್ಮ ಅಂಗಡಿಯ ಅತ್ಯಂತ ಹಿರಿಯ ಕೆಲಸಗಾರ್ತಿಗೆ ಟೋಕನ್ ಕೊಟ್ಟು ಕೂರಿಸಿದೆ.

ನಮ್ಮದು ಮೊಬೈಲ್ ರಿಪೇರಿ ಅಂಗಡಿ. ಮುಂದೆ ಉದ್ದನೆಯ ಕೌಂಟರು, ಅದರ ಹಿಂದೆ ನಾನು, ನನ್ನ ಹಿಂದೊಂದು ಗಾಜಿನ ಗೋಡೆ, ಅದರಾಚೆ ರಿಪೇರಿ ಮೇಜು. ಆ ದಿನ ಮೇಜಿನ ದೀಪ ಕೆಟ್ಟಿತ್ತಂತೆ. ಬೆಳಕಿಗೆಂದು ಆಕೆ ಕಿಟಕಿ ಪಕ್ಕದ ಗಿರಾಕಿಗಳ ಕುರ್ಚಿಯಲ್ಲಿ ಬಂದು ಕೂತಿದ್ದರು. ನಲವತ್ತೈದರ ಆಸುಪಾಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಫೋನು, ಫೋನಿನೊಳಗೆ ಯಾರೋ ಯಾರನ್ನೋ ಗುಂಡಿಟ್ಟು ಉರುಳಿಸುತ್ತಿರುವ ಸದ್ದು. ನಾನು ಹೊಸ ಹುರುಪಿನವನು. "ಅಮ್ಮಾ, ಹದಿನೇಳು ನಿಮ್ಮದು" ಎಂದು ಚೀಟಿ ಕೈಗಿತ್ತೆ. ತಲೆಯೆತ್ತದೆ ತೆಗೆದುಕೊಂಡರು. ಆಮೇಲೆ "ಹದಿನೇಳು!" ಎಂದು ಮೂರು ಸಲ ಕೂಗಿದೆ. ಊಹೂಂ. ಕೊನೆಗೆ ಎದ್ದು ಹತ್ತಿರ ಹೋಗಿ ಕೇಳಿದೆ:

"ಫೋನಿಗೆ ಏನಾಗಿದೆ ಅಮ್ಮಾ?"

"ಏನೂ ಆಗಿಲ್ಲ."

"ಮತ್ಯಾಕೆ ಬಂದ್ರಿ?"

"ಹನ್ನೊಂದು ವರ್ಷದಿಂದ ಬರ್ತಾ ಇದೀನಿ, ತಮ್ಮ. ಸ್ವಲ್ಪ ಸುಮ್ನಿರು. ಗೋಡೆ ಹಿಂದೆ ಇನ್ನೊಬ್ಬ ಅಡಗಿದಾನೆ."

ಕೂತಿದ್ದ ಟೋಕನ್ನುಗಳೆಲ್ಲ ಒಟ್ಟಿಗೆ ನಕ್ಕವು. ಆ ನಗು ಒಂದು ವಾರ ನನ್ನ ಕಿವಿಯಲ್ಲೇ ಮನೆ ಮಾಡಿತ್ತು. ವಾರದ ಕೊನೆಗೆ ಮ್ಯಾನೇಜರು ಸಿಬ್ಬಂದಿಯ ಸಲಹೆ ಬರೆಯುವ ಹಾಳೆ ಕೊಟ್ಟಾಗ ನಾನು ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದೆ: "ಸ್ಕ್ರೀನ್ ಬದಲಾಯಿಸುವ ಮೇಜಿನಲ್ಲಿ ಗಿರಾಕಿಗಳ ಫೋನುಗಳಲ್ಲಿ ದಿನವಿಡೀ ಆಟ ಆಡಲಾಗುತ್ತಿದೆ. ಗಮನ ಹರಿಸಬೇಕು." ಹೆಸರು ಬೇಡವೆಂದು ಜಾಣತನದಿಂದ "ಕೌಂಟರ್ ಸಿಬ್ಬಂದಿ" ಎಂದಷ್ಟೇ ಸಹಿ ಹಾಕಿದೆ. ಇಡೀ ಅಂಗಡಿಯಲ್ಲಿ ಕೌಂಟರ್ ಸಿಬ್ಬಂದಿ ಎಂದರೆ ನಾನೊಬ್ಬನೇ ಎಂಬುದು ಹಾಳೆ ಮುಖ್ಯ ಕಚೇರಿಗೆ ಹೋದ ಮೇಲೆ ಹೊಳೆಯಿತು.

ಆಕೆಯನ್ನು ಎಲ್ಲರೂ ಗಾಜಕ್ಕ ಎನ್ನುತ್ತಿದ್ದರು. ಒಡೆದ ಗಾಜು ತೆಗೆದು ಹೊಸದು ಕೂರಿಸುವುದು ಅವರ ಕೆಲಸ. ಆಟ ಆಡುವುದು ಆ ಕೆಲಸದ್ದೇ ಬಾಲ ಎಂಬುದು ನನಗೆ ಎರಡನೆಯ ವಾರ ಗೊತ್ತಾಯಿತು. ಹೊಸ ಸ್ಕ್ರೀನ್ ಕೂರಿಸಿದ ಮೇಲೆ ಬೆರಳು ಎಲ್ಲ ಕಡೆ ತಾಗುತ್ತದೋ ಇಲ್ಲವೋ ನೋಡಬೇಕು. ಅದಕ್ಕೆ ಗಾಜಕ್ಕ ತಮ್ಮದೇ ದಾರಿ ಕಂಡುಕೊಂಡಿದ್ದರು. ಗಿರಾಕಿಯನ್ನು ಒಳಗೆ ಕರೆದು "ಈಗ ಯಾವ ಆಟ ಆಡ್ತಾ ಇದೀರಿ? ನೀವೇ ತೆಗೆದು ಕೊಡಿ" ಎನ್ನುತ್ತಿದ್ದರು. ಗಿರಾಕಿ ಎದುರಿಗೇ ಕೂತು ನೋಡುತ್ತಿರುವಾಗ ಅವನದೇ ಆಟವನ್ನು ಹತ್ತು ನಿಮಿಷ ಆಡಿ, "ಸರಿಯಾಗಿದೆ, ತಗೊಳ್ಳಿ" ಎಂದು ಕೊಡುತ್ತಿದ್ದರು.

ಹೀಗೆ ಹನ್ನೊಂದು ವರ್ಷ. ಜನ ಆಡುವ ಆಟಗಳಲ್ಲಿ ಗಾಜಕ್ಕ ಮುಟ್ಟದೇ ಇದ್ದದ್ದಿಲ್ಲ, ಮುಗಿಸಿದ್ದು ಒಂದೂ ಇಲ್ಲ.

ನನಗೆ ಕುತೂಹಲ ಹತ್ತಿಕೊಂಡಿತು. ಕೌಂಟರಿನಲ್ಲಿ ಜನ ಕಡಿಮೆಯಾದಾಗಲೆಲ್ಲ ಒಳಗೆ ಹೋಗಿ ಅವರ ಹೆಗಲ ಹಿಂದೆ ನಿಲ್ಲತೊಡಗಿದೆ. ಪ್ರತಿ ಆಟಕ್ಕೂ ಅವರದೊಂದು ಮಾತಿರುತ್ತಿತ್ತು. ಬಣ್ಣಬಣ್ಣದ ಮಿಠಾಯಿಗಳನ್ನು ಮೂರು ಮೂರಾಗಿ ಜೋಡಿಸಿ ಒಡೆಯುವ ಆಟ ಬಂದಾಗ, "ಇದು ಬೇಳೆ ಆರಿಸಿದ ಹಾಗೆ. ಕೈ ಓಡುತ್ತೆ, ತಲೆ ಮಲಗಿರುತ್ತೆ" ಎಂದರು. ಫೋನಿನ ಒಡೆಯ ಹಲ್ಲಿನ ಡಾಕ್ಟರು. "ಡಾಕ್ಟ್ರೇ, ನೀವೇ ಮಿಠಾಯಿ ಹಿಂದೆ ಬಿದ್ರೆ ಹೇಗೆ?" ಎಂದು ಅಕ್ಕ ಕೇಳಿದರೆ ಅವರು ನಾಚಿ ಫೋನು ಜೇಬಿಗಿಟ್ಟುಕೊಂಡರು. ದ್ವೀಪಕ್ಕೆ ಇಳಿದು ಸಿಕ್ಕವರನ್ನೆಲ್ಲ ಸುಡುವ ಆಟ ಎದುರಿನ ಬ್ಯಾಂಕಿನ ಕಾವಲುಗಾರನದು. "ನಂಗೆ ಡ್ಯೂಟೀಲಿ ಬರೀ ದೊಣ್ಣೆ ಕೊಟ್ಟಿದಾರಕ್ಕ, ಇಲ್ಲಾದ್ರೂ ಬಂದೂಕು ಹಿಡೀತೀನಿ" ಎಂದ. ಗಾಜಕ್ಕನ ತೀರ್ಪು: "ಓಡೋದು ಜಾಸ್ತಿ, ಸುಡೋದು ಕಡಿಮೆ. ಬೆಳಿಗ್ಗೆ ಬಸ್ಸು ಹಿಡಿದ ಹಾಗೇ ಇದೆ."

ಕೊಳಕು ಜಮಖಾನೆಗಳನ್ನು ನೀರು ಬಿಟ್ಟು ತೊಳೆಯುವುದೊಂದು ಆಟ. ಅಷ್ಟೇ. ತೊಳೆದರೆ ಇನ್ನೊಂದು ಜಮಖಾನೆ ಬರುತ್ತದೆ. ಅದನ್ನು ಹಾಸ್ಟೆಲ್ಲಿನ ವಾರ್ಡನ್ನಮ್ಮ ಆಡುತ್ತಿದ್ದರು. "ತೊಳೆದದ್ದು ತೊಳೆದ ಹಾಗೇ ಇರುತ್ತಲ್ಲ, ಅದಕ್ಕೆ" ಎಂದರು ಆಕೆ. ಗಾಜಕ್ಕ ಇನ್ನೊಂದು ಜಮಖಾನೆ ಜಾಸ್ತಿಯೇ ತೊಳೆದರು. ಇನ್ನೊಂದರಲ್ಲಿ ಅಂಗಳದಲ್ಲಿ ಹಾಲಿನ ಬಟ್ಟಲಿಟ್ಟು ಕಾಯುವುದು. ನೋಡದೆ ಇದ್ದಾಗ ಬೆಕ್ಕುಗಳು ಬಂದು ಹೋಗುತ್ತವೆ. "ಇದರಲ್ಲಿ ಸೋಲೋದೇ ಇಲ್ವಲ್ಲ! ಸೋಲಿಲ್ಲ ಅಂದ್ರೆ ಅದೂ ಒಂದು ಆಟಾನಾ?" ಎಂದು ಬೈಯುತ್ತಲೇ ಅಕ್ಕ ಬೂದು ಬಣ್ಣದ ಬೆಕ್ಕೊಂದು ಬರುವವರೆಗೂ ಫೋನು ಬಿಡಲಿಲ್ಲ.

ಎಡವಟ್ಟೂ ಆಗಿತ್ತು. ನಾನು ಬರುವ ಮೊದಲಿನ ಕಥೆ. ನಿವೃತ್ತ ಹೆಡ್ ಮೇಡಂ ಒಬ್ಬರ ಫೋನಿನಲ್ಲಿ ತೋಟದ ಆಟ. ಆಕೆ ಎರಡು ನಿಮಿಷ ಹೊರಗೆ ಹೋದಾಗ ಗಾಜಕ್ಕ ಸ್ಕ್ರೀನಿನ ಮೂಲೆ ಮೂಲೆಯನ್ನೂ ಪರೀಕ್ಷಿಸುವ ಭರದಲ್ಲಿ ಇಡೀ ತೋಟವನ್ನು ಕೊಯ್ದು ಹಾಕಿದ್ದರು. ಮರುದಿನ ಮೇಡಂ ಬಾಗಿಲಲ್ಲೇ ನಿಂತು "ನನ್ನ ಕುಂಬಳಕಾಯಿ ಕಿತ್ತವರು ಯಾರು? ಮುಂದೆ ಬನ್ನಿ" ಎಂದು ಗುಡುಗಿದರಂತೆ. ಸ್ಪರ್ಧೆಗೆಂದು ಮೂರು ವಾರ ಬೆಳೆಸಿದ ಕಾಯಿ. ಮ್ಯಾನೇಜರು ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ ಗಾಜಕ್ಕನನ್ನು ತೋರಿಸಿದರಂತೆ. ಅಂದಿನಿಂದ ಗಿರಾಕಿ ಎದುರಿಗಿಲ್ಲದೆ ಆಟ ಮುಟ್ಟುವುದಿಲ್ಲ, ಯಾರ ಬೆಳೆಯನ್ನೂ ಕೊಯ್ಯುವುದಿಲ್ಲ ಎಂಬುದು ಅಕ್ಕನ ಕಟ್ಟುನಿಟ್ಟು.

ಒಮ್ಮೆ ಅವರು ಕನ್ನಡಕವನ್ನು ಮೇಜಿನ ಮೇಲೆ ಮರೆತು ಹೋದರು. ಕೊಟ್ಟು ಬರೋಣವೆಂದು ಮನೆಗೆ ಹೋದೆ. ಮೂರನೇ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಶಾಲೆಯ ವ್ಯಾನ್ ಓಡಿಸುವ ಗಂಡ ಚಾಪೆಯ ಮೇಲೆ ಒರಗಿದ್ದರು. ಕಾಲೇಜಿಗೆ ಹೋಗುವ ಮಗಳು ಮನೆಯಲ್ಲಿದ್ದ ಒಂದೇ ದೊಡ್ಡ ಫೋನು ಹಿಡಿದು ಪಾಠ ಕೇಳುತ್ತಿದ್ದಳು. ಗಾಜಕ್ಕನದು ಬಟನ್ ಫೋನು. ಹಿಂಬದಿಯ ಮುಚ್ಚಳ ಬೀಳದಿರಲೆಂದು ರಬ್ಬರ್ ಬ್ಯಾಂಡ್ ಸುತ್ತಿದ್ದರು.

"ನೀವು ಮನೇಲಿ ಆಡಲ್ವಾ ಅಕ್ಕ?"

"ಎಲ್ಲಿ ಆಡ್ಲಿ? ಇವಳ ಪಾಠ ಮುಗಿಯೋ ಹೊತ್ತಿಗೆ ನನ್ನ ಕಣ್ಣು ಮುಗಿದಿರುತ್ತೆ."

"ಅಮ್ಮನಿಗೆ ಫೋನ್ ಕೊಟ್ರೆ ಒಲೆ ಮೇಲಿದ್ದದ್ದು ಸೀದು ಹೋಗುತ್ತೆ" ಎಂದಳು ಮಗಳು, ಕಿವಿಯಿಂದ ಇಯರ್‌ಫೋನ್ ತೆಗೆಯದೆಯೇ.

ಅಂದು ಚಹಾ ಕುಡಿಯುತ್ತ ಅವರ ಹಳೆಯ ಕೆಲಸದ ಸಂಗತಿ ತಿಳಿಯಿತು. ಹದಿನೆಂಟಕ್ಕೆ ಕೈಗಡಿಯಾರದ ಕಾರ್ಖಾನೆ ಸೇರಿ ಹದಿನಾರು ವರ್ಷ ಮುಳ್ಳು ಕೂರಿಸಿದ್ದರು. ನಿಮಿಷದ ಮುಳ್ಳು ಮಾತ್ರ. ಗಂಟೆಯ ಮುಳ್ಳು ಪಕ್ಕದವಳದು. ಕೂರಿಸಿದ ತಕ್ಷಣ ಗಡಿಯಾರ ಓಡುವ ಪಟ್ಟಿಯ ಮೇಲೆ ಮುಂದಕ್ಕೆ ಹೋಗಿಬಿಡುತ್ತಿತ್ತು. ಕೆಲಸದ ಹೊತ್ತಿನಲ್ಲಿ ಮಾತಾಡುವ ಹಾಗಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಆ ಬೆರಳುಗಳನ್ನು ನೋಡಿಯೇ ನಮ್ಮ ಅಂಗಡಿಯವರು ಕರೆದದ್ದು. "ಇಲ್ಲಿ ಬಂದ ಮೇಲೇ ನಾನು ಆಟ ಅಂತ ಆಡಿದ್ದು" ಎಂದರು. ನನ್ನ ಹಾಳೆ ನೆನಪಾಗಿ ಉಳಿದ ಚಹಾ ಬಿಟ್ಟು ಎದ್ದೆ.

ಆ ಹಾಳೆಗೆ ಉತ್ತರ ಮುಂದಿನ ವಾರ ಬಂತು. ಮುಖ್ಯ ಕಚೇರಿಯಿಂದ ಒಬ್ಬ ಮೇಡಂ ಬಂದರು. ಕೈಯಲ್ಲಿ ಒಂದು ಲ್ಯಾಪ್‌ಟಾಪು, ಜೊತೆಗೆ ನನ್ನ ದುಂಡಗಿನ ಅಕ್ಷರ. ಮ್ಯಾನೇಜರು ಎಲ್ಲರೆದುರು ಅದನ್ನು ಓದಿದರು. "ಕೌಂಟರ್ ಸಿಬ್ಬಂದಿ" ಎಂಬಲ್ಲಿಗೆ ಬಂದಾಗ ನಾನು ನನ್ನ ಬೂಟಿನ ಲೇಸು ಕಟ್ಟಲು ಬಗ್ಗಿದೆ. ಅಂದು ಚಪ್ಪಲಿ ಹಾಕಿಕೊಂಡಿದ್ದೆ.

ಗಾಜಕ್ಕ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದರು. "ಅಕ್ಷರ ಚೆನ್ನಾಗಿದೆ" ಎಂದರು. ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೇಡಂ ವಿಷಯವನ್ನು ಬಿಡಿಸಿ ಹೇಳಿದರು. ಬೇರೆ ಶಾಖೆಗಳಲ್ಲಿ ಸ್ಕ್ರೀನ್ ಪರೀಕ್ಷೆಗೆ ಹೊಸ ಸಾಫ್ಟ್‌ವೇರ್ ಬಂದಿದೆ. ಪರದೆಯ ತುಂಬ ಚೌಕಗಳು ಮೂಡುತ್ತವೆ, ಬೆರಳು ಸವರಿದರೆ ಹಸಿರಾಗುತ್ತವೆ, ಎರಡು ನಿಮಿಷದ ಕೆಲಸ. ಇಲ್ಲೂ ಅದು ಸಾಕು ಎಂದಾದರೆ ಆಟ ನಿಲ್ಲುತ್ತದೆ. ಹೊತ್ತು ಉಳಿಯುವುದರಿಂದ ಸ್ಕ್ರೀನ್ ಕೆಲಸವನ್ನು ಪಕ್ಕದ ಶಾಖೆಯವರೇ ಮಾಡಿಕೊಳ್ಳುತ್ತಾರೆ. ಗಾಜಕ್ಕ ಗೋದಾಮಿನಲ್ಲಿ ಹಳೇ ಫೋನುಗಳನ್ನು ಡಬ್ಬಿಗೆ ತುಂಬಬಹುದು.

"ಇವತ್ತೊಂದು ದಿನ ಎರಡನ್ನೂ ನೋಡಿ ಸಂಜೆ ನಿರ್ಧಾರ ಮಾಡ್ತೀನಿ" ಎಂದು ನನ್ನ ಕಡೆ ತಿರುಗಿದರು. "ನಿಮ್ಮ ಅಕ್ಷರ ಚೆನ್ನಾಗಿದೆಯಲ್ಲ, ನೀವೇ ಬರ್ಕೊಳ್ಳಿ. ಯಾವ ಫೋನು, ಯಾವ ಆಟ, ಎಷ್ಟನೇ ನಿಮಿಷಕ್ಕೆ ದೋಷ ಸಿಕ್ತು, ಪರೀಕ್ಷೆಗೆ ಒಟ್ಟು ಎಷ್ಟು ನಿಮಿಷ ಹಿಡೀತು."

ಮಾಡಿದ ತಪ್ಪನ್ನು ತಿದ್ದಲು ದೇವರೇ ಕೊಟ್ಟ ಅವಕಾಶವೆಂದು ಒಂದು ಸೆಕೆಂಡನ್ನೂ ಬಿಡದೆ ಬರೆದೆ. ಮಧ್ಯಾಹ್ನದವರೆಗೆ ಆರು ಫೋನು. ಎರಡರಲ್ಲಿ ದೋಷ. ಎರಡನ್ನೂ ಚೌಕಗಳೂ ಹಿಡಿದವು, ಗಾಜಕ್ಕನೂ ಹಿಡಿದರು. ಮೇಡಂ ತಲೆಯಾಡಿಸಿದಾಗಲೆಲ್ಲ ನನಗೆ ಗೋದಾಮಿನ ಡಬ್ಬಿಗಳು ಕಾಣುತ್ತಿದ್ದವು.

ಏಳನೆಯದು ಒಬ್ಬ ಬಸ್ ಚಾಲಕನ ಫೋನು. ಹೊಸ ಗಾಜು ಕೂರಿಸಿ ಆಗಿತ್ತು. ಮೇಡಂ ಚೌಕಗಳನ್ನು ಸವರಿದರು. ಎಲ್ಲ ಹಸಿರು. "ಪಾಸ್" ಎಂದು ನಾನು ಒಲ್ಲದ ಕೈಯಲ್ಲಿ ಬರೆದೆ.

"ಯಾವ ಆಟ ಅಣ್ಣಾ?" ಎಂದರು ಗಾಜಕ್ಕ.

"ಬಸ್ ಓಡಿಸೋದು."

"ದಿನವಿಡೀ ಬಸ್ಸು, ಮನೆಗೆ ಹೋಗಿ ಮತ್ತೆ ಬಸ್ಸಾ?"

"ಈ ಬಸ್ಸಲ್ಲಿ ಚಿಲ್ರೆ ಇಲ್ಲ ಅಂತ ಯಾರೂ ಜಗಳ ಆಡಲ್ಲಮ್ಮ. ಬ್ರೇಕ್ ಹಾಕಿದ್ರೆ ಯಾರೂ ನಮ್ಮಪ್ಪನ್ನ ನೆನೆಸ್ಕೊಳಲ್ಲ."

ಗಾಜಕ್ಕ ನಗುತ್ತ ಬಸ್ಸು ಹೊರಡಿಸಿದರು. ಬಲಗೈ ಹೆಬ್ಬೆರಳು ಮೂಲೆಯ ಪೆಡಲಿನ ಚಿತ್ರದ ಮೇಲೆ. ಬಸ್ಸು ಬೆಟ್ಟ ಹತ್ತತೊಡಗಿತು. ನಿಲ್ದಾಣವೊಂದು ಬಂತು, ಹೋಯಿತು. ಒಮ್ಮೆಲೇ ಬಸ್ಸು ನಿಧಾನವಾಗಿ, ನಿಂತು, ಹಿಂದಕ್ಕೆ ಜಾರಿತು.

"ಇಲ್ನೋಡಿ ಮೇಡಂ. ಬೆರಳು ಎತ್ತಿಲ್ಲ, ಬಸ್ಸು ನಿಂತಿದೆ."

ಮತ್ತೆ ಮಾಡಿ ತೋರಿಸಿದರು. ಹತ್ತು ಸೆಕೆಂಡು ಒತ್ತಿ ಹಿಡಿದರೆ ಆ ಮೂಲೆ ಬೆರಳನ್ನು ಮರೆತೇ ಬಿಡುತ್ತಿತ್ತು. ಮೇಡಂ ಚೌಕಗಳನ್ನು ಇನ್ನೊಮ್ಮೆ ಸವರಿದರು. ಮತ್ತೆ ಎಲ್ಲ ಹಸಿರು.

"ನಿಮ್ಮ ಚೌಕ, ಬೆರಳು ಬಂದು ಹೋಗೋದನ್ನ ಮಾತ್ರ ನೋಡುತ್ತೆ. ಜನ ಸವರಲ್ಲ ಮೇಡಂ, ಒತ್ತಿ ಹಿಡೀತಾರೆ. ಬೆಟ್ಟ ಹತ್ತೋವಾಗಂತೂ ಜೀವ ಹಿಡಿದ ಹಾಗೆ ಹಿಡೀತಾರೆ."

"ಒತ್ತಿ ಹಿಡಿಯೋ ಚೌಕ ಒಂದು ಸೇರಿಸಿದ್ರೆ ಆಯ್ತಲ್ಲ?"

"ಸೇರಿಸಿ. ಮುಂದಿನ ತಿಂಗಳು ಮೂರು ಬೆರಳಲ್ಲಿ ಆಡೋದು ಬರುತ್ತೆ, ಆಗ ಇನ್ನೊಂದು ಸೇರಿಸಿ. ನಾನು ಬಂದವರನ್ನೆಲ್ಲ ಈಗ ಏನಾಡ್ತೀರಿ ಅಂತ ಕೇಳೋದು ಅದಕ್ಕೇ."

ಚಾಲಕ ಗಾಬರಿಯಿಂದ "ಅಮ್ಮಾ, ನನ್ನ ಬಸ್ಸು ಹಳ್ಳಕ್ಕೆ ಬಿತ್ತಾ?" ಎಂದು ಕೇಳಿದ. "ಇಲ್ಲಣ್ಣ, ಮರಕ್ಕೆ ಒರಗಿ ನಿಂತಿದೆ" ಎಂದು ಸಮಾಧಾನ ಹೇಳಿ ಅಕ್ಕ ಗಾಜು ಬಿಚ್ಚಿದರು. ಒಳಗೆ ಗಾಜನ್ನು ಫೋನಿಗೆ ಜೋಡಿಸುವ ಸಣ್ಣ ಪಟ್ಟಿ ಅರ್ಧ ಮಾತ್ರ ಕೂತಿತ್ತು. ಸರಿಯಾಗಿ ಕೂರಿಸಿದ ಮೇಲೆ ಬಸ್ಸು ಬೆಟ್ಟದ ತುದಿ ಮುಟ್ಟಿತು. ಮೇಡಂ ಕೂಡ ಬಗ್ಗಿ ನೋಡುತ್ತಿದ್ದರು.

ಸಂಜೆ ಅವರು ಲ್ಯಾಪ್‌ಟಾಪು ತೆರೆದು, "ಈ ಶಾಖೆಯಲ್ಲಿ ಆಟವೇ ಇರಲಿ ಅಂತ ಬರೀತೀನಿ" ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆ ಹುಮ್ಮಸ್ಸಿನಲ್ಲಿ, ಯಾರೂ ಕೇಳದಿದ್ದರೂ, "ಮೇಡಂ, ಇಲ್ಲಿ ಎಲ್ಲ ಲೆಕ್ಕಾನೂ ಇದೆ" ಎಂದು ನನ್ನ ಹಾಳೆಯನ್ನು ಮುಂದಿಟ್ಟೆ. ಈ ಅಂಗಡಿಯಲ್ಲಿ ನನ್ನ ಅಕ್ಷರಕ್ಕೆ ಯಾರಾದರೂ ಬೀಗ ಹಾಕಬೇಕಿತ್ತು.

ಮೇಡಂ ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಅವರ ಬೆರಳಿನ ಹಿಂದೆಯೇ ಓದುತ್ತಿದ್ದ ನನಗೂ ಆಗಲೇ ಕಂಡಿತು. ದೋಷ ಸಿಕ್ಕ ಮೂರು ಫೋನುಗಳಲ್ಲೂ ಅದು ಎರಡು ನಿಮಿಷದೊಳಗೇ ಸಿಕ್ಕಿತ್ತು. ಪರೀಕ್ಷೆಗೆ ಹಿಡಿದ ಹೊತ್ತು ಮಾತ್ರ, ದೋಷವಿರಲಿ ಬಿಡಲಿ, ಒಂಬತ್ತಕ್ಕೆ ಒಂಬತ್ತು ಫೋನಿಗೂ ಹತ್ತು ನಿಮಿಷ.

"ಅದು... ಖಾತರಿಗೆ ಮೇಡಂ" ಎಂದೆ. "ಗಾಜು ಸ್ವಲ್ಪ ಬಿಸಿಯಾಗಬೇಕು, ಆಮೇಲೆ ಅದು ತಣ್ಣಗಾಗಬೇಕು..."

"ನೀವು ಸುಮ್ನಿರಿ." ಮೇಡಂ ಗಾಜಕ್ಕನ ಕಡೆ ತಿರುಗಿದರು. "ನೀವೇ ಹೇಳಿ. ಪರೀಕ್ಷೆಗೆ ನಿಜವಾಗಿ ಎಷ್ಟು ಹೊತ್ತು ಬೇಕು?"

ನಾನು ಮೇಜಿನ ಕೆಳಗಿಂದ ಕೈಬೆರಳು ಹತ್ತೂ ಬಿಡಿಸಿ ತೋರಿಸಿದೆ. ಗಾಜಕ್ಕ ನನ್ನ ಬೆರಳು ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಎರಡು ನಿಮಿಷ" ಎಂದರು.

"ಹಾಗಾದ್ರೆ ಮಿಕ್ಕ ಎಂಟು ನಿಮಿಷ ಏನು ಮಾಡ್ತೀರಿ?"

"ಆಟ ಆಡ್ತೀನಿ, ಮೇಡಂ. ಚೆನ್ನಾಗಿರುತ್ತೆ."