ಊಟದ ಮಾತಿಲ್ಲದ ಮೇಲ್

ಸ್ವೀಡನ್ನಿನ ಯೋನ್‌ಶೋಪಿಂಗ್‌ನ ನಮ್ಮ ಕಾರ್ಖಾನೆಗೆ ಆ ಚೀನೀ ಮಹಿಳೆ ಮೊದಲ ಸಲ ಬಂದಾಗ, ಕೈಕುಲುಕಿದ ಕೂಡಲೇ ಇಂಗ್ಲಿಷಿನಲ್ಲಿ ಕೇಳಿದ್ದು, "ನಿಮ್ಮದೆಲ್ಲ ಊಟ ಆಯಿತಾ?" ನಮ್ಮ ಮ್ಯಾನೇಜರ್ ಅಪ್ಪಟ ಸ್ವೀಡಿಷ್ ಮನುಷ್ಯ, ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡುವವನು. ಗೋಡೆ ಗಡಿಯಾರ ನೋಡಿ, "ಹೌದು, ಹನ್ನೊಂದೂವರೆಗೇ ಆಯಿತು" ಎಂದವನೇ ಲ್ಯಾಪ್‌ಟಾಪ್ ತೆರೆದ. ನನ್ನ ಬಾಯಿಂದ ಮಾತ್ರ ಯೋಚನೆಯೇ ಇಲ್ಲದೆ, "ಆಯಿತು, ನಿಮ್ಮದು?" ಎಂದು ಬಂತು. ಆಕೆ ನನ್ನ ಕಡೆ ತಿರುಗಿ ನಕ್ಕರು. ಅವರ ಭಾಷೆಯಲ್ಲೂ ಅದು ನಮಸ್ಕಾರದ ಬದಲು ಕೇಳುವ ಮಾತಂತೆ.

ನಮ್ಮಲ್ಲೂ ಅಷ್ಟೇ ತಾನೆ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಎದುರಾದವರನ್ನೂ ಊಟ ಆಯ್ತಾ ಎಂದೇ ಕೇಳುತ್ತೇವೆ. ಕೇಳಿದವರು ಬಡಿಸಲು ಬಂದವರಲ್ಲ, ಹೊಟ್ಟೆ ಚುರುಗುಟ್ಟುತ್ತಿದ್ದರೂ ಆಯ್ತು ಎನ್ನುವುದು ರೂಢಿ. ಇದನ್ನು ಮ್ಯಾನೇಜರಿಗೆ ವಿವರಿಸಿದೆ. "ಹಾಗಾದರೆ ಇಬ್ಬರೂ ಸುಳ್ಳು ಹೇಳುತ್ತೀರಿ" ಎಂದ. ತಮಾಷೆಗಲ್ಲ, ಅರ್ಥ ಮಾಡಿಕೊಳ್ಳುವ ಪ್ರಾಮಾಣಿಕ ಪ್ರಯತ್ನದಲ್ಲಿ ಹೇಳಿದ್ದು.

ನಾವು ತಯಾರಿಸುವುದು ಪ್ಯಾಕಿಂಗ್ ಯಂತ್ರಗಳ ಬಿಡಿಭಾಗಗಳನ್ನು. ಆಕೆಯ ಕಂಪನಿಯ ಆರ್ಡರಿನಿಂದಲೇ ನಮ್ಮ ಎರಡನೇ ಪಾಳಿ ನಡೆಯುತ್ತಿತ್ತು. ಆರ್ಡರು ಹೋದರೆ ಪಾಳಿಯೂ ಹೋಗುತ್ತದೆ ಎನ್ನುವುದು ಯಂತ್ರ ಒರೆಸುವವನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಆ ಭೇಟಿಯ ನಂತರ ಆಕೆ ಬರೆಯುವುದಿದ್ದರೆ ನನಗೇ ಬರೆಯುತ್ತಿದ್ದರು. ಮೊದಲು ಊಟ. ಆಮೇಲೆ ತಮ್ಮ ತಾಯಿಯ ಮಂಡಿನೋವು, ನನ್ನ ಹೆಂಡತಿಯ ಬಸಿರು, ಇಲ್ಲಿನ ಹಿಮ. ತೀರ ಕೊನೆಗೆ, ಹೋಗುತ್ತಾ ಬಾಗಿಲಲ್ಲಿ ನಿಂತು ಹೇಳುವ ಹಾಗೆ, ದರದ ಮಾತು. ಮ್ಯಾನೇಜರ್ ಒಮ್ಮೆ ಇದನ್ನೆಲ್ಲ ಓದಿ, "ಇದರಲ್ಲಿ ಕೆಲಸದ ಭಾಗ ಯಾವುದು?" ಎಂದು ಕೇಳಿದ. ಎಲ್ಲವೂ ಎಂದೆ. ಅವನು ಒಪ್ಪಲಿಲ್ಲ, ಆದರೆ ಆರ್ಡರ್ ಬರುತ್ತಿದ್ದುದರಿಂದ ಸುಮ್ಮನಾದ.

ಮಗಳು ಹುಟ್ಟಿದಳು. ಅವಳಿಗೆ ವರ್ಷ ತುಂಬುವ ಹೊತ್ತಿಗೆ ಹೆಂಡತಿ ಕೆಲಸಕ್ಕೆ ಮರಳಿ, ಮನೆಯಲ್ಲಿರುವ ಸರದಿ ನನ್ನದಾಯಿತು. ಇಲ್ಲಿ ಅಪ್ಪಂದಿರು ತಿಂಗಳುಗಟ್ಟಲೆ ರಜೆ ಹಾಕುವುದು ಮಾಮೂಲು. ಅಮ್ಮ ಮಾತ್ರ ಫೋನಿನಲ್ಲಿ, "ಮಗು ನೋಡ್ಕಂಡ್ರೆ ದುಡ್ಡ್ ಕೊಡ್ತ್ರಾ? ಹಂಗಾರೆ ನಂಗೆ ಎಷ್ಟ್ ಬಾಕಿ ಇತ್ತ್ ಹೇಳ್" ಎಂದು ಛೇಡಿಸಿದಳು. ಆ ಚೀನೀ ಕಂಪನಿಯ ಜೊತೆಗಿನ ಒಪ್ಪಂದ ನವೀಕರಣವಾಗಬೇಕಿದ್ದದ್ದು ಸರಿಯಾಗಿ ಆ ತಿಂಗಳುಗಳಲ್ಲೇ. ಈ ಗಿರಾಕಿಯನ್ನು ನಾನೇ ನೋಡಿಕೊಳ್ಳುತ್ತೇನೆ, ದಿನಕ್ಕೆ ಹತ್ತು ನಿಮಿಷ ಸಾಕು ಎಂದೆ. ಮ್ಯಾನೇಜರ್ ನೊಂದವನಂತೆ ತಲೆಯಾಡಿಸಿದ. "ರಜೆ ಎಂದರೆ ರಜೆ. ಆಕೆಯ ಸಂಬಂಧ ಇರುವುದು ಕಂಪನಿಯ ಜೊತೆ, ನಿನ್ನ ಜೊತೆಯಲ್ಲ."

ನನ್ನ ಜಾಗಕ್ಕೆ ಬಂದ ಸಹೋದ್ಯೋಗಿ ಚುರುಕಿನವನು. ಅವನಿಗೆ ಹೇಳಿಕೊಟ್ಟಿದ್ದೆ, ಮೊದಲು ಊಟದ ವಿಷಯ ಕೇಳು, ಆಮೇಲೆ ಉಳಿದದ್ದು. ಅವನು ಅಚ್ಚುಕಟ್ಟಾಗಿ ಕೇಳಿದ. ಒಂದು ದಿನ ಆಕೆ, "ಇನ್ನೂ ಇಲ್ಲ, ಇವತ್ತು ತುಂಬ ಕೆಲಸ" ಎಂದು ಬರೆದರಂತೆ. ನಾನಾಗಿದ್ದರೆ ಏನಾಯಿತು, ಯಾಕಿಷ್ಟು ಕೆಲಸ ಎಂದು ಕೇಳುತ್ತಿದ್ದೆ. ಅವನು, "ಹಾಗಾದರೆ ಊಟ ಮಾಡಿ, ನಾನು ನಾಳೆ ಸಂಪರ್ಕಿಸುತ್ತೇನೆ" ಎಂದು ಬರೆದು ಕಂಪ್ಯೂಟರ್ ಮುಚ್ಚಿ ಮನೆಗೆ ಹೋದ. ಅವನ ಪ್ರಕಾರ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಮಗಳನ್ನು ತೋರಿಸಲು ಆಫೀಸಿಗೆ ಹೋದಾಗ. ರಜೆಯಲ್ಲಿರುವವರು ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಮಧ್ಯಾಹ್ನದ ಫೀಕಾಕ್ಕೆ, ಅಂದರೆ ಕಾಫಿ ಬನ್ನಿನ ಹೊತ್ತಿಗೆ, ಬಂದುಹೋಗುವ ಪದ್ಧತಿಯಿದೆ. ಎಲ್ಲರೂ ಮಗಳ ಕೆನ್ನೆ ಮುಟ್ಟಿದರು. ಮ್ಯಾನೇಜರ್ ಖುಷಿಯಲ್ಲಿದ್ದ. ಕರೆದು ಆಕೆಯ ಇತ್ತೀಚಿನ ಮೇಲ್ ತೋರಿಸಿದ. ನಮಸ್ಕಾರ, ಲಗತ್ತಿಸಿದ ಪಟ್ಟಿ ನೋಡಿ, ದಯವಿಟ್ಟು ಶುಕ್ರವಾರದೊಳಗೆ ಉತ್ತರಿಸಿ, ವಂದನೆಗಳು. "ಎಷ್ಟು ಸ್ಪಷ್ಟ ನೋಡು! ಕೊನೆಗೂ ನಮ್ಮ ಶೈಲಿ ಕಲಿತರು." ಊಟದ ಮಾತೇ ಇಲ್ಲ. ಆದರೆ ಮೇಲ್‌ನಲ್ಲಿ ತಪ್ಪು ಎಂದು ಬೆರಳಿಟ್ಟು ತೋರಿಸಲು ಏನಿತ್ತು?

ಮನೆಗೆ ಬಂದು ನನ್ನ ಸ್ವಂತ ಫೋನಿನಿಂದ ಆಕೆಗೆ ಬರೆದೆ. ಊಟ ಆಯಿತಾ? ಅಷ್ಟೇ. ಹೆಂಡತಿ ಇಣುಕಿ ನೋಡಿ, "ಲೀವಲ್ಲಿದ್ದೀಯ ಅಲ್ವಾ? ಮ್ಯಾನೇಜರ್‌ಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾನೆ ಅಷ್ಟೇ" ಎಂದಳು. ಆಫೀಸ್ ವಿಷಯ ಅಲ್ಲ ಎಂದೆ. ಮಗಳಿಗೆ ಗಂಜಿ ತಿನ್ನಿಸಿ ಮುಗಿಸುವಷ್ಟರಲ್ಲಿ ಉತ್ತರ ಬಂತು. ಆಯಿತು, ತಾಯಿ ಈಗ ಕೋಲಿಲ್ಲದೆ ನಡೆಯುತ್ತಾರೆ, ಮಗಳ ಫೋಟೊ ಕಳಿಸು. ಅದರ ಕೆಳಗೆ: "ನಾವು ಬೇರೆಯವರ ಜೊತೆ ಸಹಿ ಹಾಕಿದೆವು. ನಾಳೆ ನಿಮ್ಮ ಕಂಪನಿಗೆ ಪತ್ರ ಬರುತ್ತದೆ. ನಿನಗೆ ನಾನೇ ಹೇಳಬೇಕು ಅನ್ನಿಸಿತು. ಬೇಕಾದರೆ ನಿನ್ನವರಿಗೆ ಈಗಲೇ ತಿಳಿಸು."

ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ನನಗೇ ಮೊದಲು ಹೇಳಿದರಲ್ಲ ಎಂದು ಸ್ವಲ್ಪ ಸಂತೋಷವೂ ಆಯಿತು. ಎರಡನೇ ಪಾಳಿಯವರ ಮುಖಗಳು ನೆನಪಾದ ಮೇಲೆ ಆ ಸಂತೋಷ ಉಳಿಯಲಿಲ್ಲ. ಫೋಟೊ ಕಳಿಸಿ, ಮ್ಯಾನೇಜರಿಗೆ ಫೋನ್ ಮಾಡಿದೆ.

"ನೀನು ರಜೆಯಲ್ಲಿದ್ದೀಯ" ಎಂದು ಶುರುಮಾಡಿದ, ಅಕ್ಕರೆಯಿಂದಲೇ. ನಾನು ವಿಷಯ ಹೇಳಿದೆ.

"ಆದರೆ," ಎಂದ, "ಈಚೆಗೆ ಎಷ್ಟು ಚೆನ್ನಾಗಿ ಬರೆಯುತ್ತಿದ್ದರಲ್ಲ."