ಬುತ್ತಿಯ ಬಟ್ಟೆ ಖಾಲಿ ಬರಬಾರದು

ಎಲ್ಲ ದಿನಗಳಂಥದೇ ಒಂದು ಮಂಗಳವಾರ. ಅವ್ವ ನಸುಕಿನಲ್ಲೇ ರೊಟ್ಟಿ ಬಡಿದು, ಡಬ್ಬಿಗೆ ಪುಂಡಿಪಲ್ಯ ತುಂಬಿ, ಕೆಂಪಂಚಿನ ಬಟ್ಟೆಯಲ್ಲಿ ಬುತ್ತಿ ಕಟ್ಟಿದಳು. ನಾನು ಅದನ್ನು ಸೇಡಂ ಬಸ್ ಸ್ಟ್ಯಾಂಡಿಗೆ ಒಯ್ದು ಗುಲ್ಬರ್ಗಾ ಬಸ್ಸಿನ ಕಂಡಕ್ಟರ್ ಕೈಗಿಟ್ಟೆ. ಬಿ.ಎಸ್ಸಿ ಮುಗಿಸಿ, ಮುಂದಿನ ಸೀಟಿಗಾಗಿ ಅಲ್ಲೇ ರೂಮಿನಲ್ಲಿ ಕಾಯುತ್ತಿದ್ದ ನನ್ನ ತಮ್ಮ ಶಿವು ಅದನ್ನು ಇಳಿಸಿಕೊಳ್ಳುತ್ತಿದ್ದ. ನಮ್ಮ ಕಡೆ ಊರು ಬಿಟ್ಟು ಓದುವ ಹುಡುಗರು ಉಣ್ಣುವುದೇ ಹೀಗಲ್ಲವೇ?

ಕಂಡಕ್ಟರ್ ಮೆಹಬೂಬ್ ಗಂಟು ಮೂಸಿದ. "ಇವತ್ತ ಪುಂಡಿಪಲ್ಯ ಅದ. ತಮ್ಮಗ ಹೇಳ್ರಿ, ಬಸ್ ಪಂಚರ್ ಆದ್ರ ಬುತ್ತಿ ನಂದೇ."

ಸಂಜೆಯ ಬಸ್ಸಿಗೆ ಬಟ್ಟೆ ವಾಪಸ್ ಬರುತ್ತಿತ್ತು. ಖಾಲಿ ಬರಬಾರದು ಎಂಬುದು ಅವ್ವನ ಕಟ್ಟಳೆ. (ಕೊಟ್ಟವರ ಮನೆಗೆ ಪಾತ್ರೆ ಬರಿದೇ ಕಳಿಸಬಾರದಲ್ಲ, ಹಾಗೆ.) ಬಾಳೆಹಣ್ಣೋ ಒಂದು ಹಿಡಿ ಪುಟಾಣಿ ಕಡಲೆಯೋ ಇರುತ್ತಿತ್ತು. ಅವತ್ತು ಎರಡು ಹೊಲಸು ಅಂಗಿ!

"ಬರೀ ಅರಿವಿ ಕಳಸಬ್ಯಾಡ ಅಂದ್ರ ಏನ್ ಕಟ್ಟ್ಯಾನ ನೋಡು, ಖೋಡಿ!" ಅವ್ವ ಬೈಯುತ್ತಲೇ ಅಂಗಿ ನೆನೆಹಾಕಿದಳು. ಖುಷಿಯಲ್ಲಿದ್ದಳು.

ಮರುದಿನ ಶಿವುವೇ ಬಂದ. ಧಾರವಾಡದಲ್ಲಿ ಎಂ.ಎಸ್ಸಿ ಸೀಟು, ಜತೆಗೆ ಸ್ಕಾಲರ್‌ಶಿಪ್. ಫೀಸು, ಹಾಸ್ಟೆಲ್ಲು, ಮೆಸ್ಸು, ಎಲ್ಲವೂ ಅದರಲ್ಲೇ.

ಸ್ಕಾಲರ್‌ಶಿಪ್ಪಿನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಎಸ್ಸೆಸ್ಸೆಲ್ಸಿಗೇ ನಿಂತು ಬಟ್ಟೆ ಅಂಗಡಿ ಸೇರಿದವನು. ಅದು ಬರದಿದ್ದರೆ ತಮ್ಮನೂ ನನ್ನ ಪಕ್ಕದಲ್ಲಿ ನಿಂತು ಥಾನು ಬಿಚ್ಚಿ ತೋರಿಸುತ್ತಿದ್ದ.

"ಊಟಾನೂ ಅವ್ರೇ ಕೊಡ್ತಾರೇನೋ?" ಅವ್ವ ಕೇಳಿದಳು.

"ಎರಡೂ ಹೊತ್ತು, ಯವ್ವಾ. ಮುಂಜಾನಿ ನಾಷ್ಟಾನೂ."

"ಅಂಗಿ ಒಗಿಯೋದು?"

"ಧೋಬಿ ಬರ್ತಾನ."

ಅವ್ವ ಕೆಂಪಂಚಿನ ಬಟ್ಟೆ ಮಡಚಿದಳು. "ಮತ್ತ ನಾ ಏನ್ ಮಾಡ್ಲಿ?"

"ಆರಾಮ ಕೂಡು," ಎಂದು ಇಬ್ಬರೂ ನಕ್ಕೆವು.

ಆರಾಮ ಕೂಡುವವಳೇ ಅವ್ವ? ಧಾರವಾಡಕ್ಕೆ ಬುತ್ತಿ ಒಯ್ಯುವ ಬಸ್ಸಿಲ್ಲ. ವಾಡಿಯಲ್ಲಿ ರೈಲು ಬದಲಿಸಿ, ಮುಂದೆ ಮತ್ತೆ ಬದಲಿಸಿ ಹೋಗಬೇಕು. ತಿಂಗಳಾದರೂ ಕೆಡದ ಖಡಕ್ ರೊಟ್ಟಿ ಸುಟ್ಟಳು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದಳು. ಅದೇ ಕೆಂಪಂಚಿನ ಬಟ್ಟೆಯಲ್ಲಿ ಕಟ್ಟಿ, ಆ ಕಡೆ ಹೊರಟ ಪರಿಚಯದವರ ಕೈಯಲ್ಲಿ ಕಳಿಸಿದಳು.

ಶಿವು ಪತ್ರ ಬರೆದ. ಇಲ್ಲಿ ಎಲ್ಲಾ ಸಿಗುತ್ತದೆ, ನನಗೇನೂ ಕಮ್ಮಿ ಇಲ್ಲ, ನೀನು ತ್ರಾಸು ತಗೋಬೇಡ.

ಎಂಥ ಒಳ್ಳೆಯ ಮಾತು! ನಾನೇ ಓದಿ ಹೇಳಿದೆ. ಅವ್ವ ಕೇಳಿದ್ದು ಒಂದೇ. "ಬುತ್ತಿ ಅರಿವಿ ಯಾರ ಕೈಲಿ ಕಳಸ್ತಾನಂತ?"

ಆಮೇಲೆ ಅವಳು ಖಡಕ್ ರೊಟ್ಟಿ ಸುಡಲಿಲ್ಲ. ರಜೆಗೆ ಬಂದವನನ್ನು ಬಟ್ಟೆಯ ಬಗ್ಗೆ ಕೇಳಿದಳು. "ಮರ್ತೆ ಯವ್ವಾ," ಎಂದವನು, ಮುಂದಿನ ಸಲ ಸ್ಕಾಲರ್‌ಶಿಪ್ಪಿನಲ್ಲಿ ಉಳಿಸಿ ಒಂದು ಹೊಸ ಟವೆಲ್ ತಂದುಕೊಟ್ಟ. ಅವ್ವ ಅದನ್ನು ಓಣಿಗೆಲ್ಲ ತೋರಿಸಿ ಟ್ರಂಕಿನಲ್ಲಿಟ್ಟಳು. ಅದರಲ್ಲಿ ಬುತ್ತಿ ಕಟ್ಟಲಿಲ್ಲ.

ಈ ಸಲ ನಾಗರ ಪಂಚಮಿಗೆ ಮುಂಚೆ ಅವ್ವ ಜ್ವರದಲ್ಲಿ ಹೋದಳು. ತಂತಿ ಸಂದೇಶ ತಲುಪಿ, ರೈಲು ಬದಲಿಸಿ ಶಿವು ಬರುವಷ್ಟರಲ್ಲಿ ಮಣ್ಣು ಕೊಟ್ಟು ಆಗಿತ್ತು. ಬಂದವನು ಒಲೆಯ ಮುಂದೆ ಕೂತ.

"ಅಣ್ಣಾ, ಅಕಿಗೆ ತ್ರಾಸ್ ಆಗಬಾರ್ದಂತ ಹಂಗ ಬರ್ದಿದ್ದೆ."

"ಅಕಿಗೂ ಗೊತ್ತಿತ್ತೋ," ಅಂದೆ.

ಗೊತ್ತಿತ್ತೇ? ಗೊತ್ತಿತ್ತು ಅಂದುಕೊಂಡಿದ್ದೇನೆ.

(ಪತ್ರಿಕೆಗೆ ನಾನು ವಾರವಾರ ಬರೆಯುವ ಈ ಅಂಕಣ ಕೆಲವು ವಾರ ಏಕೆ ಬರಲಿಲ್ಲ ಎಂದು ಕೇಳಿದವರಿಗೆ ಇದೇ ಉತ್ತರ.) ಮತ್ತೆ ಪೆನ್ನು ಹಿಡಿಸಿದವಳು ಪಕ್ಕದ ಮನೆಯ ಕಾಶಮ್ಮ. ಅವಳ ಮಗಳು ಮಹಾದೇವಿಗೂ ಧಾರವಾಡದ ಸೀಟು, ಸ್ಕಾಲರ್‌ಶಿಪ್ಪು ಸಿಕ್ಕಿವೆ. ಸೋಮವಾರದೊಳಗೆ ಹೋಗಿ ಹಾಜರಾಗದಿದ್ದರೆ ಎರಡೂ ಹೋಗುತ್ತಿದ್ದವು. ಹುಡುಗಿಯ ಅಪ್ಪ ಒಪ್ಪಿದ್ದ. ಕಾಶಮ್ಮ ಮಾತ್ರ ಒಲ್ಲೆ ಅನ್ನುತ್ತಿದ್ದಳು.

ಹೆಣ್ಣು ಹುಡುಗಿ, ದೂರದ ಊರು, ತಾಯಿ ಅಂಜಿದ್ದಾಳೆ ಎಂದು ಓಣಿಯವರು ಅಂದುಕೊಂಡರು. ನಾನೂ ಹಾಗೇ ತಿಳಿದು ಸಮಾಧಾನ ಹೇಳಲು ಹೋದೆ.

"ಅಂಜಿಕಿ ಯಾತರದ್ರಿ ಅಣ್ಣಾರ?" ಕಾಶಮ್ಮ ನನ್ನನ್ನೇ ಗದರಿದಳು. "ಉಣಸೋರು ಅವ್ರು, ಓದಸೋರು ಅವ್ರು. ನಾ ಏನ್ ಬರೀ ಹಡದಾಕಿ ಏನ್ರಿ?"

ನನಗೆ ಅವ್ವನ ದನಿ ಕೇಳಿಸಿತು. ಮತ್ತ ನಾ ಏನ್ ಮಾಡ್ಲಿ?

ಕಣ್ಣೊರೆಸಿಕೊಳ್ಳುತ್ತಿದ್ದ ಮಹಾದೇವಿಯನ್ನು ಹೊರಗೆ ಕರೆದೆ. "ಹಾಸ್ಟೆಲಿನಾಗ ಎಲ್ಲಾ ಸಿಗತದ ಅಂತ ನಿಮ್ಮವ್ವಗ ಹೇಳಬ್ಯಾಡವಾ. ಏನರ ಬೇಡು."

"ಏನ್ ಬೇಡ್ಲಿ ಕಾಕಾ? ಖರೇನೇ ಎಲ್ಲಾ ಕೊಡ್ತಾರ."

"ಕೊಡ್ಲಿ. ಆದ್ರೂ ಬೇಡು."

ಜಾಣ ಹುಡುಗಿ. ಸುಮ್ಮನೆ ಸ್ಕಾಲರ್‌ಶಿಪ್ ಕೊಡುತ್ತಾರೆಯೇ? ಸಂಜೆ ಗೋಡೆಯಾಚೆ ಜಗಳ ಕೇಳಿಸಿತು.

"ಯವ್ವಾ, ನಿನ್ನ ಶೇಂಗಾ ಹಿಂಡಿ ಇಲ್ಲದ ನನಗ ತುತ್ತು ಇಳಿಯಂಗಿಲ್ಲ. ತಿಂಗಳಾ ಕಳಸಬೇಕು ನೋಡು."

"ಅಲ್ಲಿ ಕುಂತು ಹುಕುಂ ಮಾಡಾಕಿ ನೀ! ಯಾರ ಕೈಲಿ ಕಳಸ್ಲಿ?"

"ಅದು ನಿನಗ ಬಿಟ್ಟದ್ದು. ಖಡಕ್ ರೊಟ್ಟೀನೂ ಬೇಕು."

"ಹೌದೌದು, ನಾ ನಿನ್ನ ಆಳ!"

ಸ್ವಲ್ಪ ಹೊತ್ತಿಗೆ ಶೇಂಗಾ ಹುರಿಯುವ ವಾಸನೆ ಗೋಡೆ ದಾಟಿ ಬಂತು.

ಮೊನ್ನೆ ಶನಿವಾರ ಸೇಡಂ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಮಹಾದೇವಿಯ ಟ್ರಂಕಿಗಿಂತ ಬುತ್ತಿಯೇ ದೊಡ್ಡದಿತ್ತು. ಕಿಟಕಿಯ ಹತ್ತಿರ ನಿಂತು ಒಂದು ಮಾತು ಹೇಳಿದೆ. "ಬುತ್ತಿ ಅರಿವಿ ಮರೀಬ್ಯಾಡ. ಬರೀ ಕಳಸಲೂ ಬ್ಯಾಡ."

"ಏನ್ ಕಟ್ಟಲಿ ಕಾಕಾ?"

"ಹೊಲಸ ಬಟ್ಟಿ ಆದ್ರೂ ನಡೀತದ."

"ಕಳಸ್ಲಿ ನೋಡ್ತೀನಿ!" ಕಾಶಮ್ಮ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು.

ಸ್ಕಾಲರ್‌ಶಿಪ್ ಇನ್ನೂ ಹೆಚ್ಚು ಮಕ್ಕಳಿಗೆ ಸಿಗಲಿ. ಚಿಂಚೋಳಿ, ಚಿತ್ತಾಪುರದ ಮಕ್ಕಳು ಯೂನಿವರ್ಸಿಟಿ ಮೆಟ್ಟಿಲು ಹತ್ತುವುದು ಬೇರೆ ಹೇಗೆ? ಊಟ, ಪುಸ್ತಕ, ಹಾಸಿಗೆ, ಎಲ್ಲವನ್ನೂ ಕೊಡಲಿ. ಆದರೆ ಹುಡುಗರೇ, ಏನೂ ಕಮ್ಮಿ ಇಲ್ಲ ಎಂದು ಮಾತ್ರ ಮನೆಗೆ ಬರೆಯಬೇಡಿ. ಒಂದು ಹಿಡಿ ಹಿಂಡಿಯಷ್ಟಾದರೂ ಕಮ್ಮಿ ಇರಲಿ.

ಅವ್ವ ಹೋದಾಗಿನಿಂದ ಇಲ್ಲೇ ಇದ್ದ ಶಿವುವೂ ನಾಳೆ ಧಾರವಾಡಕ್ಕೆ ಹೊರಡುತ್ತಾನೆ. ತಂತಿ ಕಂಡೊಡನೆ ಬರಿಗೈಯಲ್ಲಿ ಬಂದವನು ಅವನು. ನಾನು ಏನೂ ಕೇಳಿಲ್ಲ.

ಅವ್ವನ ಬುತ್ತಿಯ ಬಟ್ಟೆ ಇನ್ನೂ ಬಂದಿಲ್ಲ.